ಉಪ್ಪು ಹಿಡಿದ ಟ್ರೇಲರ್

ಪಿಕಪ್ಪಿನ ಅಡಿಯಿಂದ ತೆವಳಿಕೊಂಡು ಹೊರಗೆ ಬಂದ ಸುಮೇಧಾ ಕೈಗೆ ಮೆತ್ತಿದ್ದ ಗ್ರೀಸನ್ನು ಹಳೇ ಬಟ್ಟೆಯ ತುಂಡಿಗೆ ಒರೆಸಿಕೊಳ್ಳುತ್ತಾ ಹೇಳಿದಳು: "ಈ ವಂಡೀನ ಕಣ್ಣು ಮುಚ್ಚಿಕೊಂಡು ತಗೋಬಹುದು ರಜತ್."

ಒರೆಸುವುದನ್ನು ನಿಲ್ಲಿಸದೆ ಅವಳೇ ಮುಂದುವರಿಸಿದಳು.

"ಚಾಸಿ ನೆಟ್ಟಗಿದೆ. ಎಲ್ಲೂ ಮುರಿದು ವೆಲ್ಡಿಂಗ್ ಮಾಡಿಸಿದ ಗುರುತಿಲ್ಲ. ಹಿಂದಿನ ಕೊಂಡೀನ ಬಂಪರಿಗೆ ಹಾಕಿಲ್ಲ, ಚಾಸಿಗೇ ಬೋಲ್ಟ್ ಮಾಡಿದಾರೆ. ಗೇರ್ ಎಣ್ಣೆ ತೆಗೆದು ನೋಡಿದೆ, ಕಬ್ಬಿಣದ ಪುಡಿ ಇಲ್ಲ. ನೀವು ಎಳೆಸಬೇಕು ಅಂದ ಜೀಪು, ಅದನ್ನ ಹೊರೋ ಟ್ರೇಲರು ಎರಡೂ ಸೇರಿ ಎರಡು ಟನ್ ದಾಟುತ್ತೆ. ಎಳೆಯೋದು ದೊಡ್ಡ ವಿಷಯ ಅಲ್ಲ, ಇಳಿಜಾರಲ್ಲಿ ನಿಲ್ಲಿಸಬೇಕಲ್ಲ? ಇದು ನಿಲ್ಲಿಸುತ್ತೆ. ನಾವು ನೋಡಿದ ಏಳು ಪಿಕಪ್ಪಲ್ಲಿ ಇದೊಂದೇ..."

ಅಷ್ಟು ಹೇಳಿ ತಲೆ ಎತ್ತಿದಳು. ರಜತ್ ಪಿಕಪ್ಪಿನ ಕಡೆ ನೋಡುತ್ತಲೇ ಇರಲಿಲ್ಲ.

ಅವನು ಅಂಗಳದ ತುದಿಯಲ್ಲಿ, ಬಂದರಿನ ಗೋಡೆಗೆ ಒತ್ತಿಕೊಂಡು ನಿಂತಿದ್ದ ನೀಲಿ ಟ್ರೇಲರಿನ ಮುಂದೆ ನಿಂತಿದ್ದ. ಕಡಲಂಚಿನ ರಾಯಪುರದ ಹತ್ತೂವರೆಯ ಬಿಸಿಲು ನೆತ್ತಿಗೆ ಬಡಿಯುತ್ತಿತ್ತು. ಅವನು ಮಾತ್ರ ನೆರಳಿಗೆ ಸರಿಯದೆ ಆ ಟ್ರೇಲರನ್ನೇ ನೋಡುತ್ತಿದ್ದ.

ಸುಮೇಧಾಗೆ ಆ ಕ್ಷಣಕ್ಕೆ ಎಲ್ಲ ಹೊಳೆಯಿತು. ಈ ಒಂದು ತಿಂಗಳಲ್ಲಿ ಅವಳು ಪರೀಕ್ಷಿಸಿ ತೋರಿಸಿದ ಆರು ಒಳ್ಳೆಯ ಗಾಡಿಗಳನ್ನು ಅವನು ಬೇಡವೆಂದಿದ್ದ. ಅಂಬತ್ತೂರಿನ ಬಿಳಿ ಪಿಕಪ್ಪಿಗೆ ಒಂದೇ ಒಂದು ಗೀರು ಇರಲಿಲ್ಲ, ಆದರೂ ಬೇಡ. ಮಾಧವರಂನ ಗಾಡಿಯ ಟಯರುಗಳು ಕೂಡ ಹೊಸವು, ಅದೂ ಬೇಡ. ಪ್ರತಿ ಸಲವೂ ಮಾರುವವರನ್ನು ಅವನು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಇದರ ಜೊತೆ ಟ್ರೇಲರ್ ಉಂಟಾ? ಹಳತು?"

ಅವನು ಗಾಡಿ ಕೊಳ್ಳಲು ಬಂದವನಲ್ಲ. ಕಳೆದುಹೋದ ಒಂದು ಗಾಡಿಯನ್ನು ಹುಡುಕಲು ಬಂದವನು.

ಎರಡು ವರ್ಷದ ಹಿಂದೆ ಒಂದು ಮುಂಜಾನೆ ಪಿಕಪ್ಪಿಗೆ ಕಟ್ಟಿದ ಹಳದಿ ಟ್ರೇಲರಿನ ಮೇಲೆ ಜೀಪನ್ನು ಏರಿಸಿಕೊಂಡು ಗುಡ್ಡಗಾಡಿನ ಜೀಪು ಪೈಪೋಟಿಗೆಂದು ಹೊರಟ ಅವನ ಅಣ್ಣ ಮನೀಶ್ ಮತ್ತೆ ಮನೆಗೆ ಬರಲಿಲ್ಲ; ಹತ್ತೊಂಬತ್ತನೆಯ ದಿನ ಜೀಪು ಚೆಂಗಲ್ಪಟ್ಟಿನ ಆಚೆ ಕಲ್ಲುಕ್ವಾರಿಯೊಂದರ ನೀರಿನಲ್ಲಿ ಸಿಕ್ಕಿತು, ದೇಹ ಸಿಗಲಿಲ್ಲ, ಪಿಕಪ್ಪೂ ಟ್ರೇಲರೂ ಸಿಗಲಿಲ್ಲ.

ಸುಮೇಧಾ ಅವನ ಪಕ್ಕಕ್ಕೆ ಹೋಗಿ ನಿಂತಳು.

"ಇದು ಬೇಕು ಅಕ್ಕ," ರಜತ್ ಅವಳ ಕಡೆ ತಿರುಗದೆ ಹೇಳಿದ.

"ಅಡಿಗೆ ಹೋಗಿ ನೋಡೋ ಮುಂಚೇನೇ?"

"ನೀವು ನೋಡಿ, ಬೇಕಾದಷ್ಟು ನೋಡಿ. ಇದು ನನಗೆ ಬೇಕು."

ಕಾರ್ಖಾನೆಯಿಂದ ಬಂದ ಟ್ರೇಲರಲ್ಲ ಅದು. ಯಾರೋ ತಾನೇ ಎದುರಿಗೆ ಕೂತು, ಬೇಕಾದ ಹಾಗೆ ಹೇಳಿ ಮಾಡಿಸಿದ್ದು. ಎರಡು ಅಚ್ಚು, ನಾಲ್ಕು ಚಕ್ರ, ಜೀಪಿನ ಚಕ್ರ ಕೂರಲು ಎರಡು ಉದ್ದನೆಯ ತೊಟ್ಟಿಗಳು. ಲಾರಿಯ ಹಳೇ ಪಟ್ಟಿ ಸ್ಪ್ರಿಂಗುಗಳನ್ನು ಕತ್ತರಿಸಿ ಕೂರಿಸಿದ್ದರು. ಹಗ್ಗ ಬಿಗಿಯಲು ಮೂಲೆಗೊಂದರಂತೆ ನಾಲ್ಕು ಬಳೆ. ಐದನೆಯದೊಂದು ಬಳೆ ಮುಂಭಾಗದಲ್ಲಿ, ನಟ್ಟನಡುವಿಂದ ಒಂದು ಗೇಣು ಎಡಕ್ಕೆ.

"ಈ ಐದನೇದು ಯಾಕೆ?" ಸುಮೇಧಾ ಕೇಳಿದಳು.

"ಅಣ್ಣನ ಜೀಪಿನ ಮುಂದಿನ ಕೊಂಡಿ ಎಡಗಡೆ ಇತ್ತು. ಒಮ್ಮೆ ಬಲಗಡೆಯದ್ದು ಬಂಡೆಗೆ ಬಡಿದು ಕಿತ್ತು ಹೋಯ್ತು. ಅದನ್ನು ರಿಪೇರಿ ಮಾಡ್ಸೋ ಬದಲು ಇಲ್ಲಿ ಒಂದು ಬಳೆ ಹಾಕಿಸಿದ." ರಜತ್ ಆ ಬಳೆಯನ್ನು ಮುಟ್ಟಲಿಲ್ಲ. ಕೈ ಹತ್ತಿರಕ್ಕೆ ಒಯ್ದು ಹಿಂದಕ್ಕೆ ಎಳೆದುಕೊಂಡ.

ಸುಮೇಧಾ ಬೀಗದ ಕೈಯಿಂದ ಚೌಕಟ್ಟಿನ ಮರೆಯಲ್ಲಿ ಒಂದು ಕಡೆ ಕೆರೆದಳು. ನೀಲಿಯ ಸಿಪ್ಪೆ ಎದ್ದಿತು. ಅದರ ಕೆಳಗೆ, ಅರಿಶಿನ ಹಚ್ಚಿದ ಹಾಗೆ, ಹಳದಿ.



ಚಾಸಿ ನಂಬರು ಇರಬೇಕಾದ ಜಾಗವನ್ನು ಅವಳು ಬೆರಳಿನಿಂದ ತಡವಿದಳು. ಅಲ್ಲಿ ಲೋಹ ಸಣ್ಣಗೆ ಹಳ್ಳವಾಗಿತ್ತು. ಹಳೇ ಅಂಕಿಗಳನ್ನು ಅರದಿಂದ ಉಜ್ಜಿ ತೆಗೆದು, ಹೊಸ ಅಂಕಿಗಳನ್ನು ಕೈಯಿಂದ ಹೊಡೆದು ಕೂರಿಸಿದ್ದರು. ಏಳು ಒಂದು ಕಡೆ ವಾಲಿತ್ತು, ಮೂರು ಇನ್ನೊಂದು ಕಡೆ.

ಆಮೇಲೆ ಅವಳು ಮಲಗಿಕೊಂಡು ಅಡಿಗೆ ತೂರಿದಳು. ಚೌಕಟ್ಟು ಎಂದರೆ ಒಳಗೆ ಟೊಳ್ಳಾಗಿರುವ ಚೌಕ ಪೈಪು. ಹಿಂದಿನ ತುದಿಯಲ್ಲಿ ಅದಕ್ಕೆ ಮುಚ್ಚಳವಿರಲಿಲ್ಲ. ಅವಳು ಎರಡು ಬೆರಳು ಒಳಗೆ ಹಾಕಿದಳು. ತುಕ್ಕು ಸಿಗುತ್ತದೆ ಎಂದುಕೊಂಡಿದ್ದಳು. ಸಿಕ್ಕಿದ್ದು ಬೇರೆ. ಒರಟಾದ, ಚೂಪಾದ, ಗುಂಪುಗುಂಪಾದ ಏನೋ. ಉಗುರಿಂದ ಒಂದನ್ನು ಕಿತ್ತು ಬೆಳಕಿಗೆ ಹಿಡಿದಳು.

ದೋಣಿಯ ತಳಕ್ಕೆ ಅಂಟಿಕೊಂಡು ಬೆಳೆಯುವಂಥ ಸಣ್ಣ ಸುಣ್ಣದ ಚಿಪ್ಪು.

ಟ್ರೇಲರಿನ ಅಡಿಯಲ್ಲಿ ಅಂಗಾತ ಮಲಗಿದ್ದ ಸುಮೇಧಾ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಅವಳ ಕಣ್ಣ ಮುಂದೆ ಬಂದದ್ದು ಈ ಟ್ರೇಲರಲ್ಲ. ಎರಡು ವರ್ಷದ ಹಿಂದೆ ಕ್ರೇನಿನ ಸರಪಳಿಗೆ ನೇತುಬಿದ್ದು, ಬಾಗಿಲುಗಳಿಂದ ಹಸಿರು ನೀರು ಸುರಿಸುತ್ತಾ ಮೇಲಕ್ಕೆ ಬಂದ ಜೀಪು.

"ಏನು ಸಿಕ್ಕಿತು ಅಕ್ಕ?"

"ಏನಿಲ್ಲ," ಎಂದಳು. ಚಿಪ್ಪನ್ನು ಜೇಬಿಗೆ ಹಾಕಿಕೊಂಡು ಹೊರಗೆ ಬಂದಳು. "ಎಳೆದು ನೋಡೋಣ."

ಅಂಗಳವನ್ನು ನೋಡಿಕೊಳ್ಳುತ್ತಿದ್ದವನು ಸತ್ಯಾತ್ಮ. ಮೂವತ್ತೈದು ದಾಟಿದ, ಫೋನಿನಿಂದ ಕಣ್ಣು ಕೀಳದ ಮನುಷ್ಯ. ಹಳೇ ಗಾಡಿಗಳ ಫೋಟೋ ತೆಗೆದು ಇಂಟರ್ನೆಟ್ಟಿಗೆ ಹಾಕುವುದು ಅವನ ಕೆಲಸ. ಅಂಗಳದ ಯಜಮಾನರು ಅವನ ಚಿಕ್ಕಪ್ಪ.

"ಚಿಕ್ಕಪ್ಪ ಮಠಕ್ಕೆ ಪೋಯಿರುಕ್ಕಾರ್. ಬರೋದು ಹನ್ನೆರಡಾಗುತ್ತೆ," ಎಂದು ಕೀಲಿ ಕೊಟ್ಟ. "ಒಂದು ರೌಂಡ್ ಹೊಡೆದು ಬನ್ನಿ. ನೋ ಪ್ರಾಬ್ಲಂ."

ಸುಮೇಧಾ ಪಿಕಪ್ಪನ್ನು ಹಿಂದಕ್ಕೆ ತಂದಳು. ಟ್ರೇಲರಿನ ಮೂತಿ ಪಿಕಪ್ಪಿನ ಕೊಂಡಿಯ ಗುಂಡಿನ ಮೇಲೆ ಟಕ್ಕನೆ ಕೂತಿತು. ಮೂತಿಯೊಳಗೆ ಹೊಸ ಗ್ರೀಸು ಇತ್ತು. ಮಾರಾಟಕ್ಕೆಂದು ಮೂಲೆಯಲ್ಲಿ ಬಿದ್ದಿರುವ ಟ್ರೇಲರಿಗೆ ಯಾರೂ ವಾರವಾರ ಗ್ರೀಸು ಹಚ್ಚುವುದಿಲ್ಲ. ಇದನ್ನು ಯಾರೋ ಈಗಲೂ ಓಡಿಸುತ್ತಿದ್ದಾರೆ.

ಕಾಸಿಮೇಡಿನ ಕಡೆಗೆ ಹೋಗುವ ರಸ್ತೆಯಲ್ಲಿ ಮೀನಿನ ಹರಾಜು ಮುಗಿದು, ಖಾಲಿ ಬುಟ್ಟಿಗಳ ಆಟೋಗಳು ಎದುರಾಗುತ್ತಿದ್ದವು. ಮೊದಲ ತಿರುವಿನವರೆಗೆ ಏನೂ ಕೇಳಿಸಲಿಲ್ಲ. ತಿರುವಿನಲ್ಲಿ ಟ್ರೇಲರು ಒಂದು ಕಡೆಗೆ ವಾಲಿದಾಗ ಹಿಂದಿನಿಂದ ಒಂದು ಸದ್ದು ಎದ್ದಿತು.

ಊಂ... ಎಂದು ತಗ್ಗಿನಲ್ಲಿ ಶುರುವಾಗಿ, ಮಧ್ಯೆ ಒಮ್ಮೆ ಮುರಿದು, ಮತ್ತೆ ಊಂ... ಎಂದು ಎಳೆಯುವ ನರಳಿಕೆ. ಬಲಗಡೆಯ ಸ್ಪ್ರಿಂಗು ತನ್ನ ಪಿನ್ನಿನ ಮೇಲೆ ತಿರುಚಿಕೊಳ್ಳುವ ಸದ್ದು ಅದು ಎಂದು ಸುಮೇಧಾಗೆ ಗೊತ್ತಿತ್ತು. ಗೊತ್ತಿದ್ದರೂ ಅವಳು ಕನ್ನಡಿಯಲ್ಲಿ ಹಿಂದಕ್ಕೆ ನೋಡಿದಳು. ಮಾತು ಬಾರದವರು ಯಾರನ್ನೋ ಕರೆದಂತಿತ್ತು.

ಪಕ್ಕದಲ್ಲಿ ಕೂತಿದ್ದ ರಜತ್ ಎರಡು ಕೈಯಲ್ಲೂ ಸೀಟನ್ನು ಹಿಡಿದುಕೊಂಡಿದ್ದ.

"ನಿಲ್ಲಿಸಿ," ಎಂದ.

ಅವಳು ಗಾಡಿಯನ್ನು ರಸ್ತೆಯ ಬದಿಗೆ, ದೋಣಿಗಳನ್ನು ದಡಕ್ಕೆ ಎಳೆಯುವ ಇಳಿಜಾರಿನ ಹತ್ತಿರ ನಿಲ್ಲಿಸಿದಳು.

"ಅಣ್ಣ ಬೀದಿ ತಿರುಗುವಾಗ ಈ ಸದ್ದು ಕೇಳ್ತಿತ್ತು. ಕಾಸಿಮೇಡಿಗೆ ಐಸು ಹೋಗುವ ದಾರಿಯಲ್ಲೇ ನಮ್ಮ ಹೋಟೆಲು, ಅದರ ಮೇಲೇ ಅಲ್ವಾ ಮನೆ. ಅಮ್ಮ ಮಾಡ್ತಿದ್ದ ಕೆಲಸ ಬಿಟ್ಟು, 'ಮನೀಶ ಬಂದ' ಅಂತ ಕಾಫಿಗೆ ಇಡ್ತಿದ್ರು." ಅವನು ತುಟಿ ಒದ್ದೆ ಮಾಡಿಕೊಂಡ. "ಆರು ತಿಂಗಳಿಂದ ಬೆಳಿಗ್ಗೆ ಬೆಳಿಗ್ಗೆ ಈ ಸದ್ದು ಕೇಳ್ತದೆ ಅಂತ ಹೇಳ್ತಾರೆ. ಎದ್ದು ಕೂತುಕೊಳ್ತಾರಂತೆ. ನಾನು ನಾಲ್ಕು ಗಂಟೆಗೇ ಪಾತ್ರೆ ಏರಿಸಿಕೊಂಡು ಪೆರುಂಗುಡಿಯ ಕ್ಯಾಂಟೀನಿಗೆ ಹೋಗಿಬಿಡ್ತೇನೆ, ನನಗೆ ಒಂದು ದಿನವೂ ಕೇಳಿಸಲಿಲ್ಲ. ಡಾಕ್ಟ್ರ ಹತ್ರ ಕರ್ಕೊಂಡು ಹೋದೆ. ನಿದ್ದೆ ಮಾತ್ರೆ ಕೊಟ್ಟರು."

"ಅವರಿಗೆ ಭ್ರಮೆ ಇರಲಿಲ್ಲ."

"ಇಲ್ಲ. ನಿಜವಾಗಿ ಕೇಳ್ತಿತ್ತು."

ಕಡಲಿನ ಗಾಳಿ ಮೀನಿನ ವಾಸನೆಯನ್ನೂ ಡೀಸೆಲ್ಲಿನ ವಾಸನೆಯನ್ನೂ ಹೊತ್ತು ತಂದಿತು. ಸುಮೇಧಾ ಜೇಬಿನಿಂದ ಚಿಪ್ಪನ್ನು ತೆಗೆದು ಡ್ಯಾಶ್‌ಬೋರ್ಡಿನ ಮೇಲೆ ಇಟ್ಟಳು. ಹೇಳಬೇಕಾದ್ದನ್ನು ಅವಳು ಎರಡು ವರ್ಷದಿಂದ ಯಾರಿಗೂ ಹೇಳಿರಲಿಲ್ಲ.

"ರಜತ್, ಹಳೇ ಗಾಡಿ ನೋಡಿಕೊಡೋ ಈ ಕೆಲಸ ನಾನು ಶುರು ಮಾಡಿ ಒಂದೂವರೆ ವರ್ಷ ಅಷ್ಟೇ. ಅದಕ್ಕೆ ಮುಂಚೆ ಇನ್ಶೂರೆನ್ಸ್ ಕಂಪನಿಗಳಿಗೆ ಸರ್ವೇಯರ್ ಆಗಿದ್ದೆ. ಅಪಘಾತ ಆದ ಗಾಡಿ ನೋಡಿ ರಿಪೋರ್ಟ್ ಬರೆಯೋದು." ಅವಳು ಎಂಜಿನ್ ಆರಿಸಿದಳು. "ನಿಮ್ಮ ಅಣ್ಣನ ಜೀಪು ನೋಡಿದವಳು ನಾನೇ. ಗೇರು ನ್ಯೂಟ್ರಲ್ಲಿನಲ್ಲಿತ್ತು, ಕೈಬ್ರೇಕು ಹಾಕಿರಲಿಲ್ಲ. ಚಾಲಕನ ಅಜಾಗ್ರತೆ ಅಂತ ಬರೆದೆ. ಅಡಿಯ ಗ್ರೀಸಿಗೆಲ್ಲ ಬಿಳಿ ಪದರ ಕಟ್ಟಿತ್ತು. ಕ್ವಾರಿಯ ಸುಣ್ಣ ಅಂದುಕೊಂಡೆ. ನಾಲಿಗೆಗೆ ತಾಗಿಸಿ ನೋಡಿದ್ದರೆ ಸಾಕಿತ್ತು. ನೋಡಲಿಲ್ಲ. ಕಂಪನಿಯವರಿಗೆ ಅವಸರ, ನನಗೂ ಅವಸರ."

ರಜತ್ ಚಿಪ್ಪನ್ನೇ ನೋಡುತ್ತಿದ್ದ.

"ಅದು ಸುಣ್ಣ ಅಲ್ಲ, ಗ್ರೀಸಿಗೆ ಸಿಕ್ಕಿ ಕರಗದೆ ಉಳಿದ ಉಪ್ಪು. ಜೀಪು ಮೊದಲು ಬಿದ್ದದ್ದು ಕಡಲಿಗೆ. ಈ ಟ್ರೇಲರಿನ ಸಮೇತ. ಆಮೇಲೆ ಯಾರೋ ಜೀಪನ್ನ ಮೇಲೆತ್ತಿ, ಅಷ್ಟು ದೂರ ಸಾಗಿಸಿ, ಕ್ವಾರಿಯ ನೀರಿಗೆ ತಳ್ಳಿದಾರೆ. ಟ್ರೇಲರು ಕಡಲಲ್ಲೇ ಇನ್ನೂ ಎಷ್ಟೋ ವಾರ ಇತ್ತು. ಇಲ್ಲದಿದ್ದರೆ ಪೈಪಿನ ಒಳಗೆ ಚಿಪ್ಪು ಬೆಳೆಯಲ್ಲ. ನನ್ನ ಸಹಿಯಿಂದಾಗಿ ಪೊಲೀಸರು ತಿಂಗಳುಗಟ್ಟಲೆ ತಪ್ಪು ಜಾಗದಲ್ಲಿ ಹುಡುಕಿದರು. ಆಮೇಲೆ ಅದನ್ನೂ ಬಿಟ್ಟರು."

ಅವನು ಬೈಯುತ್ತಾನೆ ಎಂದುಕೊಂಡಳು. ಬಾಗಿಲು ತೆಗೆದು ಇಳಿದು ಹೋಗುತ್ತಾನೆ ಎಂದುಕೊಂಡಳು.

"ನನಗೆ ಗೊತ್ತುಂಟು ಅಕ್ಕ," ಎಂದ ರಜತ್, ಬಹಳ ಸಮಾಧಾನದಿಂದ. "ಅಮ್ಮನ ಕಪಾಟಿನಲ್ಲಿ ಆ ರಿಪೋರ್ಟ್ ಉಂಟು. ಅವರು ಯಾರಿಗೂ ತೋರಿಸುವುದಿಲ್ಲ. ನಾನು ಕದ್ದು ಓದಿದ್ದು. ಕೆಳಗೆ ನಿಮ್ಮ ಹೆಸರಿತ್ತು. ಅದಕ್ಕೇ ನಿಮ್ಮನ್ನು ಹುಡುಕಿಕೊಂಡು ಬಂದದ್ದು. ಜೀಪನ್ನು ನೋಡಿದವರಿಗೆ ಟ್ರೇಲರ್ ನೋಡಿದ ಕೂಡಲೇ ಗೊತ್ತಾಗ್ತದೆ ಅಂತ."

ಸುಮೇಧಾ ಚಿಪ್ಪನ್ನು ಮತ್ತೆ ಜೇಬಿಗೆ ಹಾಕಿಕೊಂಡಳು. ಅವಳು ಗಾಡಿಯನ್ನು ತಿರುಗಿಸಿದಳು. ರಾಯಪುರ ತಲುಪುವವರೆಗೆ ಪ್ರತಿ ತಿರುವಿನಲ್ಲೂ ಹಿಂದಿನಿಂದ ಆ ನರಳಿಕೆ ಬರುತ್ತಲೇ ಇತ್ತು. ಒಂದು ತಿರುವಿನಲ್ಲಿ ಅಂಗಡಿಯ ಮುಂದೆ ಕೂತಿದ್ದ ಮುದುಕನೊಬ್ಬ ತಲೆ ಎತ್ತಿ ನೋಡಿ, ದಿನವೂ ಕಾಣುವವರಿಗೆ ಮಾಡುವ ಹಾಗೆ ಕೈ ಎತ್ತಿದ. ಗಾಡಿಯಲ್ಲಿ ಬೇರೆಯವರು ಇರುವುದು ಕಂಡು ಕೈ ಕೆಳಗಿಳಿಸಿದ.

ಅಂಗಳದ ಗೇಟಿನಲ್ಲಿ ಸತ್ಯಾತ್ಮನ ಚಿಕ್ಕಪ್ಪ ಸುಜಯೀಂದ್ರರಾಯರು ನಿಂತಿದ್ದರು.

ಎಪ್ಪತ್ತು ದಾಟಿದ, ತೆಳ್ಳಗಿನ, ನೆಟ್ಟಗಿನ ಮನುಷ್ಯ. ಹಣೆಯಲ್ಲಿ ಅಂಗಾರ, ಅಕ್ಷತೆ, ಎದೆಯ ಮೇಲೆ ಒಣಗಿದ ಗೋಪೀಚಂದನ. ಮೂವತ್ತು ವರ್ಷ ಬಂದರಿನಲ್ಲಿ ಸರಕು ಬಿಡಿಸಿಕೊಡುವ ಏಜೆಂಟರಾಗಿದ್ದವರು. ಸತ್ಯಾತ್ಮ ಅವರ ಹಿಂದೆ, ಪೆಟ್ಟು ತಿಂದವನ ಹಾಗೆ, ನೆಲ ನೋಡುತ್ತಾ ನಿಂತಿದ್ದ. ಅವನ ಫೋನು ಈಗ ರಾಯರ ಕೈಯಲ್ಲಿತ್ತು.

"ಇಳೀರಿ," ಎಂದರು ರಾಯರು. ಆಮೇಲೆ ಅವಳ ಮುಖವನ್ನು ನೋಡಿ ಹುಬ್ಬು ಸಡಿಲಿಸಿದರು. "ನೀನು ತಿರುಮಲನ ಮಗಳಲ್ವಾ? ಮಾಂಬಲದಲ್ಲಿ ಇದ್ದರಲ್ಲ? ನಿಮ್ಮಜ್ಜಿ ಗೋದಾಬಾಯಿ ಕೈ ಹುಳಿ ನಾನು ಎಷ್ಟು ಸಲ ಉಂಡಿದೀನಿ!"

"ಹೌದು ಮಾಮಾ. ಸುಮೇಧಾ."

"ಸಂತೋಷ. ಪಿಕಪ್ ತಗೋಂಡು ಹೋಗಮ್ಮಾ, ಕೊಂಜ ಕಮ್ಮಿ ಮಾಡಿಕೊಡ್ತೀನಿ. ಟ್ರೇಲರ್ ಮಾರೋದಕ್ಕಲ್ಲ. ಈ ಮುಟ್ಟಾಳ ಅಂಗಳದಲ್ಲಿ ಇರೋದನ್ನೆಲ್ಲ ಫೋಟೋ ಹಿಡಿದು ಹಾಕಿಬಿಟ್ಟಿದಾನೆ."

"ಟ್ರೇಲರ್ ಯಾರದು ಮಾಮಾ?"

"ಬಂದರಿನ ಹರಾಜಲ್ಲಿ ಬಂದದ್ದು. ಗುಜರಿ."

"ಹರಾಜಿನ ಮಾಲಿಗೆ ನಂಬರ್ ಉಜ್ಜಿ ತೆಗೀತಾರಾ?"

ರಾಯರು ಕನ್ನಡಕ ತೆಗೆದು ಅಂಗವಸ್ತ್ರದ ಅಂಚಿನಿಂದ ಒರೆಸಿದರು. ಅವರಿಗೆ ಅವಸರವಿರಲಿಲ್ಲ. "ಅದಕ್ಕೆ ಮುಂಚೆ ಯಾರ ಕೈಯಲ್ಲಿತ್ತೋ, ಏನು ಮಾಡಿದ್ದರೋ, ನನಗೇನು ಗೊತ್ತು? ಕಾಸಿಮೇಡಿನವರು ಮುಂಜಾನೆ ಐಸು ಸಾಗಿಸೋಕೆ ಕೇಳ್ತಾರೆ, ಕೊಡ್ತೀನಿ. ದೋಣಿ ಎಳೆಯೋಕೂ ಕೊಡ್ತೀನಿ. ಅದರಲ್ಲೇನು ತಪ್ಪು?"

"ದೋಣಿ ಎಳೆಯೋಕೆ ನೀರಿಗೆ ಇಳಿಸಿ ಹತ್ತಿಸಿದರೆ ಹೊರಗೆ ತುಕ್ಕು ಹಿಡಿಯುತ್ತೆ ಮಾಮಾ. ಪೈಪಿನ ಒಳಗೆ ಚಿಪ್ಪು ಬೆಳೆಯಲ್ಲ. ಅದಕ್ಕೆ ವಾರಗಟ್ಟಲೆ ಕಡಲ ಅಡೀಲಿ ಇರಬೇಕು. ಅಲ್ಲಿಂದ ಇದನ್ನ ಮೇಲಕ್ಕೆ ಎಳೆದವರು ಯಾರು?"

ಕನ್ನಡಕ ಒರೆಸುತ್ತಿದ್ದ ಕೈ ನಿಂತಿತು.

"ನಂಬರ್ ಉಜ್ಜಿದ್ದು ಯಾರು? ಹಳದಿ ಮೇಲೆ ನೀಲಿ ಬಳಿದದ್ದು ಯಾರು?"

"ಸುಮ್ಮ ಬಿಟ್ಟುಬಿಡಮ್ಮಾ." ಈಗ ಅವರ ಧ್ವನಿಯಲ್ಲಿ ಹಿರಿಯರ ಸಲಿಗೆ ಇರಲಿಲ್ಲ. "ಎರಡು ವರ್ಷ ಆಯ್ತು. ಎಲ್ಲ ಮುಗಿದು ಹೋದ ವಿಷಯ."

"ಎರಡು ವರ್ಷ ಅಂತ ನಾನು ಹೇಳಲಿಲ್ಲವಲ್ಲ ಮಾಮಾ?"

ಸತ್ಯಾತ್ಮ ಮೆಲ್ಲಗೆ ಹಿಂದಕ್ಕೆ ಸರಿದು ಆಫೀಸು ಕೋಣೆಯೊಳಗೆ ಹೋಗಿಬಿಟ್ಟ. ಬಂದರಿನ ಒಳಗೆ ಎಲ್ಲೋ ಕ್ರೇನೊಂದು ಕಿರುಗುಟ್ಟಿತು.

ರಾಯರು ಕನ್ನಡಕ ಹಾಕಿಕೊಂಡು ಅವಳನ್ನು ನೇರವಾಗಿ ನೋಡಿದರು. "ಪೊಲೀಸಿಗೆ ಹೋಗ್ತೀಯಾ? ಹೋಗು. ಹೋಗಿ ಏನು ಹೇಳ್ತೀ? ಗೇರು ಇರಲಿಲ್ಲ, ಕೈಬ್ರೇಕು ಇರಲಿಲ್ಲ, ಡ್ರೈವರ್ ಅಜಾಗ್ರತೆ. ನೀನೇ ತಾನೇ ಬರೆದದ್ದು? ಕೆಳಗೆ ಸಹಿ ನಿನ್ನದೇ ತಾನೇ? ನಿನ್ನ ಮಾತಿಗೆ ವಿರುದ್ಧವಾಗಿ ನೀನೇ ಸಾಕ್ಷಿ ಹೇಳ್ತೀಯಾ? ಲೈಸೆನ್ಸು ಹೋಗುತ್ತೆ, ತಿಳೀತಾ? ಕೇಸೂ ಹಾಕ್ತಾರೆ."

ಸುಮೇಧಾಗೆ ಕ್ವಾರಿಯ ಆ ದಿನ ಮತ್ತೆ ಕಂಡಿತು. ಆ ಜೀಪಿನ ಸೀಟಿನಿಂದ ತೊಟ್ಟಿಕ್ಕಿದ ನೀರು, ಅದರ ಕೆಳಗೆ ಸಿಕ್ಕಿದ್ದ ಒಂಟಿ ಚಪ್ಪಲಿ, ಕ್ವಾರಿಯ ಅಂಚಿನಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದ ತಾಯಿ. ಎಷ್ಟು ಬೆಳಗು ಅವಳು ಆ ನೀರಿನ ಸದ್ದಿಗೇ ಎಚ್ಚರಗೊಂಡಿಲ್ಲ! ಎಷ್ಟು ಸಲ ನಲ್ಲಿಯನ್ನು ಎದ್ದು ಹೋಗಿ ಬಿಗಿ ಮಾಡಿಲ್ಲ!

"ಹೇಳ್ತೀನಿ," ಎಂದಳು. "ಇವತ್ತೇ ಕಂಪನಿಗೆ ಬರೀತೀನಿ, ನನ್ನ ರಿಪೋರ್ಟು ತಪ್ಪು ಅಂತ. ಪೊಲೀಸಿಗೂ ಅದೇ ಕಾಗದ. ಲೈಸೆನ್ಸು ಹೋದರೆ ಹೋಗಲಿ ಮಾಮಾ. ಅದಿದ್ದೂ ನಾನು ಏನು ನೋಡಿದೆ?"

ಅವಳ ಧ್ವನಿ ನಡುಗಲಿಲ್ಲ. ಅದು ಅವಳಿಗೇ ಆಶ್ಚರ್ಯವಾಯಿತು. ಆ ಆಶ್ಚರ್ಯದ ಹಿಂದೆಯೇ ಇನ್ನೊಂದು ವಿಷಯ ತಲೆಗೆ ಹೊಳೆಯಿತು.

"ಆದರೆ ಒಂದು ಹೇಳಿ. ಆ ರಿಪೋರ್ಟನ್ನ ನಾನು ಪತ್ರಿಕೆಗೆ ಕೊಟ್ಟಿಲ್ಲ, ಪೊಲೀಸರು ಯಾರಿಗೂ ತೋರಿಸಿಲ್ಲ. ಒಂದು ಪ್ರತಿ ಕಂಪನಿಗೆ, ಒಂದು ಪೊಲೀಸಿಗೆ, ಒಂದು ಸತ್ತವನ ಮನೆಗೆ. ಅದರಲ್ಲಿರೋ ಮಾತು ನಿಮ್ಮ ಬಾಯಲ್ಲಿ ಹೇಗೆ ಬಂತು? ನಿಮಗೆ ಅದನ್ನ ಓದಿಸಿದವರು ಯಾರು?"

ಸುಜಯೀಂದ್ರರಾಯರು ಗೇಟಿಗೆ ಕೈ ಊರಿದರು. ಮಡಿಕೆ ಬಿದ್ದ ಅವರ ಮುಖ ಒಂದೇ ಗಳಿಗೆಯಲ್ಲಿ ಇನ್ನೂ ಹತ್ತು ವರ್ಷ ಮುದಿಯಾದಂತೆ ಕಂಡಿತು.

"ಮಾತು ಕೊಟ್ಟಿದೀನಮ್ಮಾ," ಎಂದರು ಮೆತ್ತಗೆ. "ಒಬ್ಬ ತಾಯಿಗೆ ಮಾತು ಕೊಟ್ಟಿದೀನಿ. ನನ್ನ ಬಾಯಿ ಬಿಡಿಸಬೇಡ."

ರಜತ್ ಆಗಲೇ ಗಾಡಿಯಿಂದ ಇಳಿದಿದ್ದ. ಅವನು ಪಿಕಪ್ಪಿನ ಆಚೆ ಬದಿಯಲ್ಲಿ, ಗೇಟಿಗೆ ಮರೆಯಾಗಿ ನಿಂತು, ಅಂಗಳದ ಹಿಂಭಾಗವನ್ನೇ ನೋಡುತ್ತಿದ್ದ. ಅಲ್ಲಿ ಹಳೇ ಟಯರುಗಳನ್ನು ಆಳೆತ್ತರ ಪೇರಿಸಿದ್ದರು. ಅವುಗಳ ಆಚೆ ಶೀಟು ಹೊದಿಸಿದ ಒಂದು ಕೋಣೆಯ ಮಾಡು ಮಾತ್ರ ಕಾಣುತ್ತಿತ್ತು.

ಗೇಟಿನ ಹೊರಗೆ ಆಟೋ ಬಂದು ನಿಂತಿತು. ಗೇಟಿನ ಒಳಗಿನ ಚಿಕ್ಕ ಬಾಗಿಲನ್ನು ಯಾರನ್ನೂ ಕೇಳದೆ ತಳ್ಳಿಕೊಂಡು ಒಬ್ಬ ಹೆಂಗಸು ಒಳಗೆ ಬಂದರು. ಅರವತ್ತರ ಆಸುಪಾಸು. ಒಗೆದು ಒಗೆದು ಮಾಸಿದ ಕಾಟನ್ ಸೀರೆ, ತೋಳಿನ ಮೇಲೆ ಒಲೆಯ ಹಳೇ ಸುಟ್ಟ ಕಲೆಗಳು, ಕೈಯಲ್ಲಿ ನಾಲ್ಕು ಡಬ್ಬಿಯ ಊಟದ ಕ್ಯಾರಿಯರ್. ಕ್ವಾರಿಯ ಅಂಚಿನಲ್ಲಿ ನೋಡಿದ್ದ ಆ ಮುಖವನ್ನು ಸುಮೇಧಾ ಎಲ್ಲಿದ್ದರೂ ಗುರುತಿಸುತ್ತಿದ್ದಳು.

ರಜತನ ತಾಯಿ, ಗುಣವತಿ.

ಅವರು ಸುಮೇಧಾಳನ್ನು ಯಾರೋ ಗಾಡಿ ಕೊಳ್ಳಲು ಬಂದವರೆಂದು ತಿಳಿದು ಗಮನಿಸಲಿಲ್ಲ. ನಡಿಗೆಯನ್ನೂ ನಿಧಾನ ಮಾಡಲಿಲ್ಲ.

"ಬಿಸಿ ಆರುವ ಮೊದಲು ಕೊಟ್ಟು ಬರ್ತೇನೆ ರಾಯರೇ," ಎಂದರು. "ನಿನ್ನೆಯದ್ದು ತಿಂದನಾ ಅವ? ಅಲ್ಲ ಹಾಗೇ ಇಟ್ಟಿದ್ದಾನಾ?"

ಸುಜಯೀಂದ್ರರಾಯರು ಕಣ್ಣು ಮುಚ್ಚಿಕೊಂಡರು. "ಇವತ್ತು ಬರಬೇಡೀಂತ ಈಗ ತಾನೇ ಫೋನ್ ಮಾಡಿಸಿದೆನಲ್ಲಮ್ಮಾ."

"ಅಮ್ಮ," ಎಂದು ರಜತ್ ಪಿಕಪ್ಪಿನ ಮರೆಯಿಂದ ಹೊರಗೆ ಬಂದ.

ಗುಣವತಿ ನಿಂತರು. ಕ್ಯಾರಿಯರ್ ಕೈಯಿಂದ ಜಾರಲಿಲ್ಲ. ಅವರು ಅದನ್ನು ಎರಡು ಕೈಯಲ್ಲೂ ಹಿಡಿದು ಎದೆಗೆ ಒತ್ತಿಕೊಂಡರು. ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟು, ಮಗನಿಗೂ ಟಯರಿನ ರಾಶಿಗೂ ನಡುವೆ ಅಡ್ಡವಾಗಿ ನಿಂತರು.

"ನೀನು ಇಲ್ಲಿಗೆ ಬರಬಾರದಿತ್ತು ರಜತಾ," ಎಂದರು. ಗದರಿಕೆಯಿರಲಿಲ್ಲ ಆ ಧ್ವನಿಯಲ್ಲಿ. ಬೇಡಿಕೆಯಿತ್ತು. "ಅವನಿಗೆ ನಿನ್ನದೇ ಹೆದರಿಕೆ ಮಗಾ."

ಟಯರುಗಳ ಆಚೆಗಿನ ಕೋಣೆಯಲ್ಲಿ ಏನೋ ಉರುಳಿತು. ಬರಿಗಾಲಿನ ನಾಲ್ಕು ಹೆಜ್ಜೆ ಓಡಿದ ಸದ್ದು. ಆಮೇಲೆ, ಒಳಗಿನಿಂದ, ಯಾರೋ ಚಿಲಕ ಹಾಕಿಕೊಂಡರು.

ಸುಮೇಧಾ ತಿರುಗಿ ರಜತನ ಮುಖ ನೋಡಿದಳು. ಈ ಒಂದು ತಿಂಗಳು ಅವನು ಹುಡುಕಿದ್ದು ಟ್ರೇಲರನ್ನಲ್ಲ, ಅದರ ಹಿಂದೆ ಅಡಗಿದವನನ್ನೇ ಇರಬಹುದೇ? ಅಣ್ಣ ಬದುಕಿದ್ದಾನೆಂದು ಈಗ ತಾನೇ ತಿಳಿದವನ ಮುಖ ಹೇಗಿರಬೇಕೋ ಅವಳಿಗೆ ಗೊತ್ತಿರಲಿಲ್ಲ. ಆದರೆ ಅದರಲ್ಲಿ ಒಂದಿಷ್ಟಾದರೂ ಅಚ್ಚರಿ ಇರಬೇಕಿತ್ತು.

ಇರಲಿಲ್ಲ.